ಒಂದೇ ಕೈಯಲ್ಲಿ ಮೂರು ಅಧಿಕಾರ

ಕಬಡ್ಡಿ ಆಟದಲ್ಲಿ ತೀರ್ಪುಗಾರ ಯಾರಾಗಿರಬೇಕು? ಎರಡು ತಂಡಗಳಿಗೂ ಸೇರದವನಾಗಿರಬೇಕು ಎಂದು ನೀವು ತಟ್ಟನೆ ಹೇಳುವಿರಿ. ಒಂದು ತಂಡದ ನಾಯಕನೇ ತೀರ್ಪುಗಾರನೂ ಆದರೆ ಹೇಗಿರುತ್ತದೆ? ಅಷ್ಟೇ ಅಲ್ಲ, ಆಟದ ನಡುವೆ ಗೆರೆಯನ್ನು ಅಳಿಸಿ ತನಗೆ ಬೇಕಾದಲ್ಲಿ ಎಳೆಯುವ ಹಕ್ಕೂ ಅವನಿಗೇ ಇದ್ದರೆ? ಅಂಥ ಆಟವನ್ನು ನೀವು ಐದು ನಿಮಿಷವೂ ಆಡಲಾರಿರಿ. ಮೈಮೇಲಿನ ಮಣ್ಣು ಕೊಡವಿಕೊಂಡು ಮನೆಗೆ ಹೊರಡುವಿರಿ.

ಮನೆಗೆ ಹೊರಡಲು ಸಾಧ್ಯವೇ ಇಲ್ಲದಂಥ ಆಟವೊಂದು ನಮ್ಮ ಕೇರಳದಲ್ಲೇ ಬಹುಕಾಲ ನಡೆಯಿತು. ಆಟವೆಂದು ಕರೆದದ್ದು ಮಾತಿಗೆ ಮಾತ್ರ. ಅದು ಸಾವಿರಾರು ಜನರ ಬದುಕಾಗಿತ್ತು. ಅದರ ಕುರಿತು ನಿಮಗೆ ಹೇಳಬೇಕು. ಜೊತೆಗೆ ಸುಮಾರು ಮುನ್ನೂರು ವರ್ಷಗಳ ಹಿಂದೆ ಫ್ರಾನ್ಸಿನಲ್ಲಿದ್ದ ಒಬ್ಬ ಚಿಂತಕನ ಮಾತನ್ನೂ ಹೇಳಬೇಕು. ಆತ ವಯನಾಡನ್ನು ಕಂಡವನಲ್ಲ. ಆದರೂ ಅಲ್ಲಿನ ಕತೆಯನ್ನು ಓದುವಾಗಲೆಲ್ಲ ನನಗೆ ಆತನ ನೆನಪಾಗುತ್ತದೆ.

ವಯನಾಡು ಕಾಸರಗೋಡಿನ ಮಕ್ಕಳಿಗೆ ಪರವೂರಲ್ಲ. 1957ರಲ್ಲಿ ಕಣ್ಣೂರು ಜಿಲ್ಲೆ ರೂಪುಗೊಂಡಾಗ ನಮ್ಮ ಕಾಸರಗೋಡು ತಾಲೂಕೂ ಮಾನಂತವಾಡಿ ಇರುವ ಉತ್ತರ ವಯನಾಡು ತಾಲೂಕೂ ಅದರೊಳಗಿದ್ದವು. 1980ರ ನವೆಂಬರ್ 1ರಂದು ವಯನಾಡು ಪ್ರತ್ಯೇಕ ಜಿಲ್ಲೆಯಾಯಿತು. 1984ರಲ್ಲಿ ಕಾಸರಗೋಡೂ ಬೇರೆಯಾಯಿತು. 1980ರವರೆಗೆ ಕುಂಬಳೆಯ ರೈತನೂ ಮಾನಂತವಾಡಿಯ ರೈತನೂ ದೊಡ್ಡ ಕೆಲಸವೇನಾದರೂ ಇದ್ದರೆ ಒಂದೇ ಕಲೆಕ್ಟರರ ಕಚೇರಿಗೆ ಹೋಗಬೇಕಾಗಿತ್ತು. ಕಣ್ಣೂರಿನಿಂದ ಪೂರ್ವಕ್ಕೆ ಹೊರಟು ಘಟ್ಟ ಹತ್ತಿದರೆ ಮಂಜು, ಕಾಫಿ ಗಿಡ, ಮರಗಳಿಗೆ ಹಬ್ಬಿದ ಕರಿಮೆಣಸಿನ ಬಳ್ಳಿ, ನಡುನಡುವೆ ಭತ್ತದ ಗದ್ದೆ. ವಯಲ್ ಎಂದರೆ ಮಲಯಾಳದಲ್ಲಿ ಗದ್ದೆ. ಗದ್ದೆಗಳ ನಾಡು ವಯನಾಡಾಯಿತು ಎಂದು ಅನೇಕರು ಹೇಳುತ್ತಾರೆ. ಮಂಗಳೂರಿನಲ್ಲಿರುವಂತೆ ಅಲ್ಲಿಯೂ ಒಂದು ಸುಲ್ತಾನ್ ಬತ್ತೇರಿ ಇದೆ. ಎರಡು ಹೆಸರೂ ಟಿಪ್ಪು ಸುಲ್ತಾನನ ಕಾಲದ ನೆನಪೇ.

ಮಾನಂತವಾಡಿಯ ಹತ್ತಿರ, ಕಬಿನಿ ಹೊಳೆಯ ದಂಡೆಯಲ್ಲಿ, ವಳ್ಳಿಯೂರ್‌ಕಾವು ಎಂಬ ಭಗವತಿ ಕ್ಷೇತ್ರವಿದೆ. ಪ್ರತಿವರ್ಷ ಮಾರ್ಚ್ ತಿಂಗಳಲ್ಲಿ ಹದಿನಾಲ್ಕು ದಿನಗಳ ಜಾತ್ರೆ. ಇಂದು ಅಲ್ಲಿಗೆ ಹೋದರೆ ನೀವು ಕಾಣುವುದು ಬಳೆಯಂಗಡಿ, ಮಿಠಾಯಿ, ತೊಟ್ಟಿಲು, ದೀಪ, ಜನಜಂಗುಳಿ. ವಯನಾಡಿನ ಆದಿವಾಸಿಗಳು ದೂರದೂರದ ಊರುಗಳಿಂದ ಬಂದು ಸೇರುವ ಜಾತ್ರೆ ಅದು. ಆದರೆ ಸುಮಾರು 1970ರ ದಶಕದವರೆಗೂ ಅದೇ ಜಾತ್ರೆಯಲ್ಲಿ ಇನ್ನೊಂದು ವ್ಯಾಪಾರವೂ ನಡೆಯುತ್ತಿತ್ತು. ಗದ್ದೆಯ ಒಡೆಯರಾದ ಜನ್ಮಿಗಳು ಅಲ್ಲಿಗೆ ಬರುತ್ತಿದ್ದರು. ಪಣಿಯ ಮತ್ತು ಅಡಿಯ ಸಮುದಾಯದ ಕುಟುಂಬಗಳಿಗೆ ಒಂದಿಷ್ಟು ಹಣ, ಬಟ್ಟೆ ಕೊಡುತ್ತಿದ್ದರು. ಅದನ್ನು ಪಡೆದವರು ಇನ್ನೊಂದು ಜಾತ್ರೆ ಬರುವವರೆಗೆ, ಅಂದರೆ ಒಂದು ವರ್ಷ ಪೂರ್ತಿ, ಅದೇ ಒಡೆಯನ ಗದ್ದೆಯಲ್ಲಿ ದುಡಿಯಬೇಕು. ಮಾತು ಕೊಡುವುದು ಭಗವತಿಯ ಎದುರಿನಲ್ಲಿ. ದೇವಿಯ ಮುಂದೆ ಕೊಟ್ಟ ಮಾತನ್ನು ಮುರಿಯುವ ಧೈರ್ಯ ಯಾರಿಗಿದ್ದೀತು?

ಕೊಟ್ಟ ಹಣ ಅತ್ಯಲ್ಪ. ದಿನದ ಕೂಲಿಯಾಗಿ ದೊರೆಯುತ್ತಿದ್ದದ್ದು ವಲ್ಲಿ, ಎಂದರೆ ಅಳೆದು ಕೊಡುವ ಒಂದಷ್ಟು ಭತ್ತ. ಮಳೆಗಾಲದಲ್ಲಿ ಕೆಲಸವಿಲ್ಲದ ದಿನಗಳೂ ಇದ್ದವು. ಹಸಿವಾದಾಗ ಮತ್ತೆ ಒಡೆಯನಲ್ಲೇ ಕೈಯೊಡ್ಡಬೇಕು. ಒಮ್ಮೆ ಈ ಪಾಠವನ್ನು ಹೇಳುತ್ತಿದ್ದಾಗ ಆರನೆಯ ತರಗತಿಯ ಒಬ್ಬಳು ಎದ್ದುನಿಂತು, “ಸಾಲ ತೀರಿಸಿ ಬೇರೆ ಕಡೆ ಹೋಗಬಹುದಿತ್ತಲ್ಲ ಟೀಚರ್?” ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ನೀವೇ ಲೆಕ್ಕ ಹಾಕಿ ನೋಡಿ. ಕೂಲಿ ಭತ್ತದಲ್ಲಿ. ಅದು ಅಂದಂದಿನ ಗಂಜಿಗೇ ಮುಗಿಯುತ್ತದೆ. ಸಾಲ ಇರುವುದು ಹಣದಲ್ಲಿ. ಲೆಕ್ಕ ಬರೆಯುವವನು ಒಡೆಯ. ಸಾಲ ಪಡೆದವನಿಗೆ ಓದಲು ಬಾರದು. ಗುಡಿಸಲು ನಿಂತಿರುವುದೂ ಒಡೆಯನ ನೆಲದಲ್ಲಿ. ಹೋಗುವುದು ಎಲ್ಲಿಗೆ? ಕನ್ನಡದಲ್ಲಿ ಇದಕ್ಕೆ ಜೀತ ಎಂಬ ಹೆಸರಿದೆ. ಇಂಥ ಹೆಸರು ಭಾರತದ ಬಹುತೇಕ ಭಾಷೆಗಳಲ್ಲಿವೆ ಎಂಬುದೇ ದುಃಖದ ಸಂಗತಿ.

ಇನ್ನು ಫ್ರಾನ್ಸಿಗೆ ಹೋಗೋಣ.

1689ರಲ್ಲಿ ಬೋರ್ಡೊ ನಗರದ ಹತ್ತಿರದ ಲಾ ಬ್ರೆಡ್ ಎಂಬ ಕೋಟೆಮನೆಯಲ್ಲಿ ಒಂದು ಗಂಡು ಮಗು ಹುಟ್ಟಿತು. ಶ್ರೀಮಂತ ಮನೆತನ. ಕ್ರೈಸ್ತ ಪದ್ಧತಿಯಂತೆ ಮಗುವಿಗೆ ದೀಕ್ಷೆ ಕೊಡುವಾಗ ತಂದೆಯ ಸ್ಥಾನದಲ್ಲಿ ನಿಲ್ಲುವ ಇನ್ನೊಬ್ಬ ಹಿರಿಯನನ್ನು ಆರಿಸಬೇಕು. ಮನೆಯವರು ಆರಿಸಿದ್ದು ಒಬ್ಬ ಭಿಕ್ಷುಕನನ್ನು! ಬಡವರೂ ತನ್ನ ಬಂಧುಗಳೇ ಎಂಬುದನ್ನು ಮಗು ಮರೆಯದಿರಲಿ ಎಂಬುದು ಅವರ ಆಶಯವಾಗಿತ್ತಂತೆ. ಆ ಮಗುವೇ ಮುಂದೆ ಮಾಂಟೆಸ್ಕ್ಯೂ ಎಂದು ಹೆಸರಾದ. ಆತ ದ್ರಾಕ್ಷಿತೋಟದ ಒಡೆಯ. ಬೋರ್ಡೊ ನಗರದ ನ್ಯಾಯಸಭೆಯಲ್ಲಿ ಸುಮಾರು ಹತ್ತು ವರ್ಷ ನ್ಯಾಯಾಧೀಶನಾಗಿದ್ದ. ಆ ಹುದ್ದೆ ಆತನಿಗೆ ದೊಡ್ಡಪ್ಪನಿಂದ ಆಸ್ತಿಯಂತೆ ಬಂದಿತ್ತು. 1726ರಲ್ಲಿ ಅದನ್ನು ಮಾರಿಬಿಟ್ಟ. ಹೌದು, ಮಾರಿಬಿಟ್ಟ! ನ್ಯಾಯಾಧೀಶನ ಹುದ್ದೆಯನ್ನೂ ಹಸುಕರುಗಳಂತೆ ಮಾರಬಹುದಾದ ಕಾಲ ಅದು. ಆಮೇಲೆ ಯುರೋಪಿನ ಹಲವು ದೇಶಗಳನ್ನು ಸುತ್ತಿದ. ಇಂಗ್ಲೆಂಡಿನಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಇದ್ದು ಅಲ್ಲಿನ ಆಡಳಿತವನ್ನು ಗಮನಿಸಿದ. ಊರಿಗೆ ಮರಳಿ ವರ್ಷಗಟ್ಟಲೆ ಓದಿದ, ಬರೆದ. ಕಣ್ಣು ಮಂಜಾದಾಗ ಇತರರಿಂದ ಓದಿಸಿದ, ಹೇಳಿ ಬರೆಯಿಸಿದ. 1748ರಲ್ಲಿ ಆತನ ದೊಡ್ಡ ಗ್ರಂಥ ಜಿನೀವಾದಲ್ಲಿ ಅಚ್ಚಾಯಿತು. ‘ಕಾನೂನುಗಳ ಸತ್ವ’ ಎಂದು ಅದರ ಹೆಸರನ್ನು ಕನ್ನಡದಲ್ಲಿ ಹೇಳಬಹುದು. ಪುಸ್ತಕದ ಮೇಲೆ ಬರೆದವನ ಹೆಸರಿರಲಿಲ್ಲ. ರಾಜನ ಆಳ್ವಿಕೆಯ ಕಾಲದಲ್ಲಿ ಅಂಥದ್ದನ್ನು ಬರೆಯುವುದು ಅಪಾಯಕರವಾಗಿತ್ತು. ಮೂರು ವರ್ಷಗಳ ಬಳಿಕ, 1751ರಲ್ಲಿ, ಕ್ಯಾಥೊಲಿಕ್ ಚರ್ಚು ಅದನ್ನು ಓದಬಾರದ ಪುಸ್ತಕಗಳ ಪಟ್ಟಿಗೆ ಸೇರಿಸಿತು.

ಅದರಲ್ಲಿ ಅಂಥದ್ದೇನಿತ್ತು? ಗ್ರಂಥ ಬಹಳ ದೊಡ್ಡದು. ನಮಗೆ ಬೇಕಾದ ಮಾತು ಮಾತ್ರ ಸರಳವಾದದ್ದು. ಸರಕಾರಕ್ಕೆ ಮೂರು ಬಗೆಯ ಕೆಲಸಗಳಿವೆ. ಕಾನೂನು ಮಾಡುವುದು ಒಂದು. ಅದನ್ನು ನಡೆಸುವುದು ಇನ್ನೊಂದು. ಯಾರಾದರೂ ತಪ್ಪಿದಾಗ, ಅಥವಾ ಇಬ್ಬರೊಳಗೆ ಜಗಳವಾದಾಗ, ನ್ಯಾಯ ಹೇಳುವುದು ಮತ್ತೊಂದು. ಈ ಮೂರೂ ಒಬ್ಬನ ಕೈಯಲ್ಲಿ, ಇಲ್ಲವೇ ಒಂದೇ ಗುಂಪಿನ ಕೈಯಲ್ಲಿ ಸೇರಿದರೆ ಜನರ ಸ್ವಾತಂತ್ರ್ಯ ಮುಗಿದಂತೆಯೇ ಎಂದು ಮಾಂಟೆಸ್ಕ್ಯೂ ಹೇಳಿದ. ಆ ಒಬ್ಬ ಒಳ್ಳೆಯವನಾಗಿದ್ದರೆ? ಆಗಲೂ ಅಷ್ಟೇ. ಅಧಿಕಾರ ಸಿಕ್ಕಿದವನು ಯಾರಾದರೂ ತಡೆಯುವವರೆಗೆ ಮುಂದೆ ಮುಂದೆ ಹೋಗುತ್ತಲೇ ಇರುತ್ತಾನೆ. ಆದ್ದರಿಂದ ಒಂದು ಅಧಿಕಾರವನ್ನು ತಡೆಯಲು ಇನ್ನೊಂದು ಅಧಿಕಾರ ಇರಬೇಕು. ಸ್ವಾತಂತ್ರ್ಯ ಎಂದರೆ ಮನಸ್ಸಿಗೆ ತೋಚಿದ್ದನ್ನೆಲ್ಲ ಮಾಡುವುದಲ್ಲ ಎಂದೂ ಆತ ಹೇಳಿದ. ಪಕ್ಕದವನಿಗೆ ಹೆದರದೆ ಬದುಕುವ ನೆಮ್ಮದಿಯೇ ಸ್ವಾತಂತ್ರ್ಯ. ಈ ವಿವರಣೆ ನನಗೆ ಬಹಳ ಇಷ್ಟ. ದೊಡ್ಡ ದೊಡ್ಡ ಪದಗಳಿಲ್ಲದೆ, ರಾತ್ರಿ ನಿಶ್ಚಿಂತೆಯಿಂದ ನಿದ್ದೆಮಾಡುವ ಮನುಷ್ಯನ ಚಿತ್ರವೊಂದು ಅದರಲ್ಲಿ ಕಾಣುತ್ತದೆ.

ಈಗ ವಳ್ಳಿಯೂರ್‌ಕಾವಿನ ಜೀತದಾಳನ್ನು ನೆನೆದುಕೊಳ್ಳಿ. ಬೆಳಗ್ಗೆ ಎಷ್ಟು ಹೊತ್ತಿಗೆ ಗದ್ದೆಗಿಳಿಯಬೇಕು, ಎಷ್ಟು ಭತ್ತ ಅಳೆಯಬೇಕು ಎಂಬ ನಿಯಮ ಮಾಡುತ್ತಿದ್ದವನು ಜನ್ಮಿ. ನಿಯಮವನ್ನು ನಡೆಸುತ್ತಿದ್ದವನೂ ಜನ್ಮಿಯೇ, ಅವನ ಮೇಸ್ತ್ರಿಯ ಮೂಲಕ. ತಪ್ಪಾಯಿತೋ ಇಲ್ಲವೋ ಎಂದು ತೀರ್ಮಾನಿಸಿ ಶಿಕ್ಷೆ ಕೊಡುತ್ತಿದ್ದವನೂ ಅವನೇ. ಮೂರೂ ಅಧಿಕಾರಗಳು ಒಂದೇ ಕೈಯಲ್ಲಿ! ಮಾಂಟೆಸ್ಕ್ಯೂ ರಾಜರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ. ಆದರೆ ಒಂದು ಗದ್ದೆಯ ಬದುವಿನೊಳಗೂ ಒಬ್ಬ ರಾಜ ಇರಬಲ್ಲ.

ಗುಲಾಮಗಿರಿಯ ಬಗ್ಗೆಯೂ ಮಾಂಟೆಸ್ಕ್ಯೂ ಬರೆದಿದ್ದಾನೆ. ಆತನ ಊರಾದ ಬೋರ್ಡೊದ ಹಡಗುಗಳು ಆಫ್ರಿಕದ ಜನರನ್ನು ಹಿಡಿದು ಮಾರುವ ವ್ಯಾಪಾರದಲ್ಲಿ ತೊಡಗಿದ್ದವು. ಗುಲಾಮರ ಒಡೆಯರು ತಮ್ಮನ್ನು ಸಮರ್ಥಿಸಿಕೊಳ್ಳಲು ಹೇಳುತ್ತಿದ್ದ ಕಾರಣಗಳನ್ನು ತಾನೇ ಹೇಳುವವನಂತೆ ನಟಿಸಿ, ಅವು ಎಷ್ಟು ಹುಚ್ಚುಹುಚ್ಚಾಗಿವೆ ಎಂಬುದನ್ನು ತೋರಿಸಿದ. ಗುಲಾಮರಿಲ್ಲದಿದ್ದರೆ ಸಕ್ಕರೆಯ ಬೆಲೆ ಏರುತ್ತದೆಂಬುದೂ ಆ ಕಾರಣಗಳಲ್ಲೊಂದು. ಓದಿದವರಿಗೆ ಮೊದಲು ನಗು ಬರುತ್ತದೆ, ಮರುಕ್ಷಣವೇ ನಾಚಿಕೆಯಾಗುತ್ತದೆ.

ಆದರೆ ಆತ ಹೇಳಿದ್ದೆಲ್ಲ ಸರಿ ಎಂದು ನೀವು ತಿಳಿಯಬೇಕಾಗಿಲ್ಲ. ಬಿಸಿಲು ಹೆಚ್ಚಿರುವ ದೇಶಗಳ ಜನ ಸೋಮಾರಿಗಳು, ಅಂಜುಕುಳಿಗಳು, ಅವರು ಒಬ್ಬನ ಅಪ್ಪಣೆಗೆ ತಲೆಬಾಗಿಯೇ ಬದುಕುತ್ತಾರೆ ಎಂದು ಆತ ನಂಬಿದ್ದ. ಅಂಥ ದೇಶಗಳಲ್ಲಿ ಗುಲಾಮಗಿರಿಗೆ ಏನೋ ಕಾರಣ ಇದ್ದೀತು ಎಂದೂ ಒಂದೆಡೆ ಬರೆದುಬಿಟ್ಟ. ಇದು ಶುದ್ಧ ತಪ್ಪು. ಉತ್ತರ ಬೇಕಾದರೆ ವಯನಾಡಿನಲ್ಲೇ ಇದೆ. 1802ರ ಅಕ್ಟೋಬರ್‌ನಲ್ಲಿ ತಲಕ್ಕಲ್ ಚಂದು ಎಂಬ ಕುರಿಚ್ಯ ವೀರನೂ ಎಡಚ್ಚೇನ ಕುಂಕನೂ ಬಿಲ್ಲುಬಾಣ ಹಿಡಿದ ತಮ್ಮ ಜನರೊಂದಿಗೆ ಪನಮರಂನಲ್ಲಿದ್ದ ಬ್ರಿಟಿಷ್ ಕಂಪನಿಯ ಕೋಟೆಗೆ ನುಗ್ಗಿ ಅದನ್ನು ವಶಪಡಿಸಿಕೊಂಡರು. ಅವರು ಹೋರಾಡಿದ್ದು ಪಳಶ್ಶಿರಾಜನ ಪರವಾಗಿ. 1805ರಲ್ಲಿ ಚಂದುವೂ ಪಳಶ್ಶಿರಾಜನೂ ಪ್ರಾಣ ತೆತ್ತರು. ಅಲ್ಲಿಗೂ ನಿಲ್ಲಲಿಲ್ಲ. ಕಂದಾಯವನ್ನು ಧಾನ್ಯದ ಬದಲು ಹಣದಲ್ಲೇ ಕೊಡಬೇಕೆಂದು ಕಂಪನಿ ಹಟ ಹಿಡಿದಾಗ, 1812ರಲ್ಲಿ ಕುರಿಚ್ಯರೂ ಕುರುಮರೂ ಮತ್ತೆ ಎದ್ದರು. ಅಂಜುಕುಳಿಗಳು ಹೀಗೆ ಮಾಡುತ್ತಾರೆಯೇ?

ಪಳಶ್ಶಿರಾಜನನ್ನು ಕಾಡಿನಲ್ಲಿ ಬೆನ್ನಟ್ಟಿದ ಕಂಪನಿಯ ಅಧಿಕಾರಿ ಥಾಮಸ್ ಹಾರ್ವಿ ಬೇಬರ್. ವಿಚಿತ್ರವೆಂದರೆ ಕೆಲವು ವರ್ಷಗಳ ಬಳಿಕ ಇದೇ ಬೇಬರ್ ತಲಶ್ಶೇರಿಯಲ್ಲಿ ಮ್ಯಾಜಿಸ್ಟ್ರೇಟನಾಗಿದ್ದಾಗ, ಅಂಜರಕಂಡಿಯಲ್ಲಿ ಒಬ್ಬ ಯುರೋಪಿಯನ್ನನ ತೋಟಕ್ಕೆ ಕದ್ದು ತಂದಿದ್ದ ಜನರನ್ನು ಹುಡುಕಿ ಬಿಡಿಸಿದ. ತೋಟದ ಒಡೆಯ ಕಂಪನಿಗೆ ಬೇಕಾದವನೇ. ಆದರೂ ಮ್ಯಾಜಿಸ್ಟ್ರೇಟ್ ಒಳಗೆ ಬಂದು ನೋಡಿದ. ಮನುಷ್ಯರು ಹೀಗೇ, ಒಂದೇ ಬಣ್ಣದವರಲ್ಲ. ಆ ತೋಟದೊಳಗಿದ್ದವರಿಗೆ ಒಡೆಯನಲ್ಲದ ಇನ್ನೊಬ್ಬ ಅಧಿಕಾರಿ ಸಿಕ್ಕಿದ್ದರಿಂದ ಬಿಡುಗಡೆಯಾಯಿತು ಎಂಬುದನ್ನು ಮಾತ್ರ ಗಮನಿಸಿ.

ಕಾನೂನುಗಳು ಬಂದವು. ಒಬ್ಬ ಮನುಷ್ಯ ಇನ್ನೊಬ್ಬನ ಸೊತ್ತೆಂದು ಯಾವ ನ್ಯಾಯಾಲಯವೂ ಒಪ್ಪಬಾರದು ಎಂದು 1843ರ ಕಾಯಿದೆ ಹೇಳಿತು. ಗುಲಾಮರನ್ನು ಮಾರುವುದೂ ಕೊಳ್ಳುವುದೂ 1862ರಿಂದ ಶಿಕ್ಷಾರ್ಹ ಅಪರಾಧವಾಯಿತು. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನದ 23ನೆಯ ವಿಧಿ ಬಿಟ್ಟಿಚಾಕರಿಯನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸಿತು. ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಬೇಕೆಂದು 50ನೆಯ ವಿಧಿ ಹೇಳಿತು. ಮಾಂಟೆಸ್ಕ್ಯೂವಿನ ಆಲೋಚನೆ ಅಮೆರಿಕದ ಸಂವಿಧಾನದ ಮೇಲೆ ಬಲವಾದ ಪ್ರಭಾವ ಬೀರಿತ್ತು. ಅದೇ ಆಲೋಚನೆಯನ್ನು ಇಲ್ಲಿಯೂ ಕಾಣಬಹುದು. ನಮ್ಮ ದೇಶದಲ್ಲಿ ಮಂತ್ರಿಗಳು ಶಾಸನಸಭೆಯಲ್ಲೂ ಕುಳಿತುಕೊಳ್ಳುತ್ತಾರೆ, ಆದ್ದರಿಂದ ಮೂರೂ ಅಂಗಗಳು ಪೂರ್ತಿಯಾಗಿ ಬೇರೆ ಬೇರೆ ಎನ್ನುವಂತಿಲ್ಲ. ಆದರೆ ನ್ಯಾಯಾಲಯ ಬೇರೆಯೇ. ಕೇರಳದ ಭೂಪಟವನ್ನು ತೆರೆದು ನೋಡಿ. ಶಾಸನಸಭೆ ಇರುವುದು ತಿರುವನಂತಪುರದಲ್ಲಿ, ಹೈಕೋರ್ಟು ಇರುವುದು ಎರ್ನಾಕುಳದಲ್ಲಿ.

ಹೀಗಿದ್ದರೂ ವಳ್ಳಿಯೂರ್‌ಕಾವಿನ ವ್ಯಾಪಾರ ನಿಲ್ಲಲಿಲ್ಲ. ಇದೇಕೆ? ‘ನಾವು ಯಾರನ್ನೂ ಕೊಳ್ಳುತ್ತಿಲ್ಲ, ಸಾಲ ಕೊಡುತ್ತಿದ್ದೇವೆ ಅಷ್ಟೆ’ ಎಂಬ ಜಾಣ ಉತ್ತರ ಒಡೆಯರಿಗಿತ್ತು. ಕಾನೂನು ಗುಲಾಮಗಿರಿ ಎಂಬ ಹೆಸರನ್ನು ಹಿಡಿದುಕೊಂಡು ಹುಡುಕುತ್ತಿದ್ದಾಗ, ಗುಲಾಮಗಿರಿ ಸಾಲ ಎಂಬ ಹೆಸರಿನಲ್ಲಿ ಎದುರಿಗೇ ಕುಳಿತಿತ್ತು. 1963ರಲ್ಲಿ ಕೆ. ಪಾನೂರ್ ಎಂಬವರು ‘ಕೇರಳದ ಆಫ್ರಿಕ’ ಎಂಬರ್ಥದ ಹೆಸರಿನ ಮಲಯಾಳ ಪುಸ್ತಕ ಬರೆದರು. ವಯನಾಡಿನ ಆದಿವಾಸಿಗಳ ಸ್ಥಿತಿಯನ್ನು ಓದಿ ಹೊರಗಿನ ಎಷ್ಟೋ ಜನ ಬೆಚ್ಚಿಬಿದ್ದರು.

ಕೊನೆಗೆ 1976ರಲ್ಲಿ ಸಂಸತ್ತು ಜೀತ ಪದ್ಧತಿ ನಿರ್ಮೂಲನ ಕಾಯಿದೆಯನ್ನು ಮಾಡಿತು. 1975ರ ಅಕ್ಟೋಬರ್ 25ರಿಂದಲೇ ಅದು ಜಾರಿಗೆ ಬಂದಂತೆ ಎಣಿಸಲಾಯಿತು. ಈ ಬಾರಿ ಕಾನೂನು ಬರೆದವರು ಆ ಜಾಣ ಉತ್ತರವನ್ನು ಮರೆಯಲಿಲ್ಲ. ಜೀತಕ್ಕೆ ಕಾರಣವಾದ ಸಾಲವೇ ರದ್ದು. ಒತ್ತೆಯಿಟ್ಟ ವಸ್ತು ಮರಳಬೇಕು. ಜೀತದಿಂದ ಬಿಡುಗಡೆಯಾದವನನ್ನು ಅವನು ವಾಸವಾಗಿದ್ದ ಮನೆಯಿಂದ ಎಬ್ಬಿಸಬಾರದು. ಜೀತಕ್ಕೆ ಇಟ್ಟುಕೊಂಡವನಿಗೆ ಮೂರು ವರ್ಷಗಳವರೆಗೆ ಸೆರೆಮನೆ. ಆರನೆಯ ತರಗತಿಯ ಆ ಹುಡುಗಿಯ ಪ್ರಶ್ನೆಗೆ ಕಾಯಿದೆಯೊಳಗೇ ಉತ್ತರವಿತ್ತು ನೋಡಿ. ಬಿಡುಗಡೆಗೊಂಡವರು ದುಡಿದು ಬದುಕಲೆಂದು ವಯನಾಡಿನಲ್ಲಿ ಸರಕಾರದ ಕೆಲವು ಯೋಜನೆಗಳು ಆರಂಭವಾದವು. ಮಾನಂತವಾಡಿಯ ಹತ್ತಿರದ ಪ್ರಿಯದರ್ಶಿನಿ ಚಹಾ ತೋಟ ಅಂಥದ್ದೊಂದು.

ಜೀತ ಹೋಯಿತು. ಭೂಮಿ? ಈ ಭಾಗವನ್ನು ನಿಧಾನವಾಗಿ ಓದಿ, ಸ್ವಲ್ಪ ಸಿಕ್ಕುಸಿಕ್ಕಾಗಿದೆ. ಆದಿವಾಸಿಗಳ ಕೈತಪ್ಪಿದ ಭೂಮಿಯನ್ನು ಅವರಿಗೆ ಮರಳಿ ಕೊಡಿಸಬೇಕೆಂದು 1975ರಲ್ಲಿ ಕೇರಳದ ಶಾಸನಸಭೆ ಒಂದು ಕಾಯಿದೆ ಮಾಡಿತು. ಶಾಸಕಾಂಗ ತನ್ನ ಕೆಲಸ ಮಾಡಿತು. ಆದರೆ ಅದನ್ನು ಜಾರಿಗೊಳಿಸಲು ಬೇಕಾದ ನಿಯಮಗಳು ಹೊರಬಂದದ್ದು 1986ರಲ್ಲಿ. ಹನ್ನೊಂದು ವರ್ಷ! ಆಮೇಲೂ ಭೂಮಿ ಮರಳಲಿಲ್ಲ. ಆಗ ವಯನಾಡಿನಲ್ಲಿ ವೈದ್ಯರಾಗಿದ್ದ ನಲ್ಲತಂಬಿ ತೇರ ಎಂಬವರು 1988ರಲ್ಲಿ ಹೈಕೋರ್ಟಿನ ಬಾಗಿಲು ತಟ್ಟಿದರು. ಕಾಯಿದೆಯನ್ನು ಕೂಡಲೇ ಜಾರಿಗೊಳಿಸಬೇಕೆಂದು 1993ರಲ್ಲಿ ಹೈಕೋರ್ಟು ಸರಕಾರಕ್ಕೆ ಆಜ್ಞಾಪಿಸಿತು. ಸರಕಾರ ಕಾಲಾವಕಾಶ ಕೇಳುತ್ತ ಹೋಯಿತು. ಆ ಭೂಮಿಯಲ್ಲಿ ಅಷ್ಟರಲ್ಲಿ ನೆಲೆಸಿದ್ದ ರೈತರೂ ಬಹಳ ಮಂದಿ, ಅವರಿಗೂ ಓಟು ಇತ್ತು. 1996ರಲ್ಲಿ ಶಾಸನಸಭೆ ಹಳೆಯ ಕಾಯಿದೆಯ ಹಲ್ಲು ಕೀಳುವಂಥ ತಿದ್ದುಪಡಿಯೊಂದನ್ನು ತಂದಿತು. ಅದನ್ನು ವಿರೋಧಿಸಿದವರು ಇಡೀ ಸಭೆಯಲ್ಲಿ ಒಬ್ಬರೇ, ಕೆ. ಆರ್. ಗೌರಿಯಮ್ಮ. 1957ರ ಸರಕಾರದಲ್ಲಿ ಕಂದಾಯ ಮಂತ್ರಿಯಾಗಿದ್ದವರು ಅವರು. ಅಷ್ಟು ಜನರ ನಡುವೆ ಒಬ್ಬರೇ ಎದ್ದು ಬೇಡ ಎನ್ನುವುದನ್ನು ಕಲ್ಪಿಸಿಕೊಂಡು ನೋಡಿ. ರಾಷ್ಟ್ರಪತಿಗಳು ಆ ತಿದ್ದುಪಡಿಗೆ ಒಪ್ಪಿಗೆ ಕೊಡಲಿಲ್ಲ. 1999ರಲ್ಲಿ ಇನ್ನೊಂದು ಕಾಯಿದೆ ಬಂತು. ಎರಡು ಹೆಕ್ಟೇರಿಗಿಂತ ಹೆಚ್ಚಿನದನ್ನು ಮಾತ್ರ ಮರಳಿಸಿದರೆ ಸಾಕು, ಉಳಿದದ್ದಕ್ಕೆ ಸರಕಾರ ಬೇರೆ ಕಡೆ ಭೂಮಿ ಕೊಡುತ್ತದೆ ಎಂದು ಅದು ಹೇಳಿತು. 2009ರಲ್ಲಿ ಸುಪ್ರೀಂ ಕೋರ್ಟು ಆ ಕಾಯಿದೆಯನ್ನು ಎತ್ತಿಹಿಡಿಯಿತು.

ಮಾಂಟೆಸ್ಕ್ಯೂ ಇದನ್ನೆಲ್ಲ ನೋಡಿದ್ದರೆ ಏನೆನ್ನುತ್ತಿದ್ದ? ಒಂದು ಅಧಿಕಾರ ಇನ್ನೊಂದನ್ನು ತಡೆದದ್ದು ಕಂಡು ಮೆಚ್ಚುತ್ತಿದ್ದನೇನೋ. ಆದರೆ ಮೂರು ಅಧಿಕಾರಗಳು ಪರಸ್ಪರ ತಡೆಯುತ್ತಿದ್ದ ಅಷ್ಟೂ ವರ್ಷ ಭೂಮಿಯಿಲ್ಲದವನು ಭೂಮಿಯಿಲ್ಲದೆಯೇ ಇದ್ದ. ಈ ಮಾತಿಗೆ ಆತನ ಗ್ರಂಥದಲ್ಲಿ ಉತ್ತರ ನನಗೆ ಸಿಕ್ಕಿಲ್ಲ.

ಉತ್ತರವನ್ನು ಹುಡುಕಿ ಹೊರಟವರಲ್ಲಿ ಸಿ. ಕೆ. ಜಾನು ಒಬ್ಬರು. ಅವರು ಅಡಿಯ ಸಮುದಾಯದವರು, ಮಾನಂತವಾಡಿಯ ಬಳಿಯ ತೃಶ್ಶಿಲೇರಿಯ ಕಡೆಯವರು. ಚಿಕ್ಕಂದಿನಲ್ಲಿ ಶಾಲೆಗೆ ಹೋಗಲಿಲ್ಲ, ಕೂಲಿಗೆ ಹೋದರು. ಅಕ್ಷರ ಕಲಿತದ್ದು ಸಾಕ್ಷರತಾ ತರಗತಿಯಲ್ಲಿ. 2001ರಲ್ಲಿ ತಿರುವನಂತಪುರದ ಸೆಕ್ರೆಟರಿಯೇಟಿನ ಎದುರು ಗುಡಿಸಲು ಕಟ್ಟಿ 48 ದಿನ ನಡೆದ ಚಳುವಳಿಗೆ ಅವರೇ ಮುಂದಾಳು. ಭೂಮಿ ಕೊಡುವುದಾಗಿ ಸರಕಾರ ಒಪ್ಪಿತು. ಕೊಟ್ಟ ಮಾತು ನಡೆಯಲಿಲ್ಲವೆಂದು 2003ರ ಜನವರಿಯಲ್ಲಿ ಆದಿವಾಸಿಗಳು ಮುತ್ತಂಗ ಕಾಡಿನಲ್ಲಿ ಗುಡಿಸಲು ಹಾಕಿದರು. ಫೆಬ್ರವರಿ 19ರಂದು ಅಲ್ಲಿ ಗೋಲಿಬಾರು ನಡೆಯಿತು. ಆ ದಿನ ಒಬ್ಬ ಆದಿವಾಸಿಯೂ ಒಬ್ಬ ಪೊಲೀಸನೂ ಪ್ರಾಣ ಕಳೆದುಕೊಂಡರು. ಎರಡು ಮನೆಗಳಲ್ಲಿಯೂ ಅಂದು ದೀಪ ಹಚ್ಚಿರಲಾರರು.

2011ರ ಮೇ ತಿಂಗಳಲ್ಲಿ ಪಿ. ಕೆ. ಜಯಲಕ್ಷ್ಮಿ ಕೇರಳದ ಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಅವರು ತಲಕ್ಕಲ್ ಚಂದುವಿನ ಸಮುದಾಯವಾದ ಕುರಿಚ್ಯರಿಗೆ ಸೇರಿದವರು. ಆದಿವಾಸಿ ಮಹಿಳೆಯೊಬ್ಬರು ಈ ರಾಜ್ಯದಲ್ಲಿ ಮಂತ್ರಿಯಾದದ್ದು ಅದೇ ಮೊದಲು. ಅವರನ್ನು ಆರಿಸಿ ಕಳುಹಿಸಿದ ಮಾನಂತವಾಡಿ ಕ್ಷೇತ್ರದೊಳಗೇ ವಳ್ಳಿಯೂರ್‌ಕಾವು ಇದೆ.

2011ರ ಜನಗಣತಿಯಂತೆ ವಯನಾಡಿನ ಪ್ರತಿ ನೂರು ಜನರಲ್ಲಿ ಹದಿನೆಂಟಕ್ಕೂ ಹೆಚ್ಚು ಮಂದಿ ಆದಿವಾಸಿಗಳು. ಕೇರಳದ ಬೇರಾವ ಜಿಲ್ಲೆಯಲ್ಲೂ ಇಷ್ಟು ಪ್ರಮಾಣವಿಲ್ಲ. ಅವರಲ್ಲಿ ಜೇನು, ಗೆಡ್ಡೆಗೆಣಸು ಸಂಗ್ರಹಿಸಿ ಕಾಡಿನಲ್ಲಿ ಬದುಕುತ್ತ ಬಂದ ಕಾಟ್ಟುನಾಯ್ಕರೂ ಇದ್ದಾರೆ. 2006ರ ಅರಣ್ಯ ಹಕ್ಕುಗಳ ಕಾಯಿದೆಯಂತೆ, ಕಾಡಿನಲ್ಲಿ ಯಾರಿಗೆ ಯಾವ ಹಕ್ಕಿದೆ ಎಂದು ವಿಚಾರಿಸುವ ಕೆಲಸ ಆರಂಭವಾಗುವುದು ದೊಡ್ಡ ಕಚೇರಿಯಲ್ಲಲ್ಲ, ಗ್ರಾಮಸಭೆಯಲ್ಲಿ. ಮುಂದೆ ಎಂದಾದರೂ ನೀವು ಸುಲ್ತಾನ್ ಬತ್ತೇರಿಯ ಕಡೆಗೆ ಹೋದಾಗ ಕಾಟ್ಟುನಾಯ್ಕರು ಸೇರಿದ ಅಂಥ ಸಭೆಯೊಂದು ಕಣ್ಣಿಗೆ ಬಿದ್ದರೆ ಸ್ವಲ್ಪ ಹೊತ್ತು ಹೊರಗೆ ನಿಂತು ಆಲಿಸಿ. ಅವರ ಮನೆಮಾತು ಮಲಯಾಳವಲ್ಲ, ಕನ್ನಡಕ್ಕೆ ಬಹಳ ಹತ್ತಿರದ ನುಡಿ. ಅವರು ತಮ್ಮ ಕಾಡಿನ ಬಗ್ಗೆ ವಾದಿಸುವ ಮಾತುಗಳಲ್ಲಿ ಎಷ್ಟೋ ಪದಗಳು ನಿಮಗೆ ಯಾರೂ ಬಿಡಿಸಿ ಹೇಳದೆಯೇ ತಿಳಿಯುತ್ತವೆ.